ಬಾಗಿಲಾಚೆ ಮೆಟ್ಟಿಲಿರಲಿಲ್ಲ

ಆ ದಿನ ನಳದ ನೀರು ಬರುವ ಸರದಿ. ಬೈಲಹೊಂಗಲದ ನಮ್ಮ ಓಣಿಗೆ ನೀರು ಬಿಡುವ ದಿನ ಹೆಂಗಸರೆಲ್ಲ ಕತ್ತಲಿರುವಾಗಲೇ ಎದ್ದಿರುತ್ತೇವೆ. ಹಿತ್ತಲ ಬ್ಯಾರಲ್ ತುಂಬಿ, ಬಚ್ಚಲ ಹಂಡೆ ತುಂಬಿ, ತಾಮ್ರದ ಕೊಡಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕುಳಿತಾಗ ಬೆಳಕು ಹರಿಯಿತು. ನಮ್ಮ ಮನೆಯವರು ರಾಮದುರ್ಗದಲ್ಲಿ ಮಾಸ್ತರರು. ಮೊದಲ ಬಸ್ಸಿಗೆ ಹೋಗಬೇಕು. ಅವರ ಡಬ್ಬಿಗೆ ರೊಟ್ಟಿ, ಹೆಸರುಕಾಳಿನ ಪಲ್ಯ ಕಟ್ಟಿ ಕಳಿಸಿದೆ. ಮೆಟ್ಟಿಲ ಕಟಕಟೆ ರಿಪೇರಿಗೆ ಬಡಿಗೇರರು ಬಂದರೆ ಚಹಾ ಕೊಡು, ಕೆಲಸ ಸಂಜೆ ಬಂದು ನೋಡುತ್ತೇನೆ ಎಂದು ಹೇಳಿ ಹೋದರು. ನಾನು ಮತ್ತೆ ಹಿತ್ತಲಿಗೆ ಹೋದೆ. ನೀರು ನಿಲ್ಲುವ ಮುಂಚೆ ಒಂದು ಬುಟ್ಟಿ ಅರಿವೆ ಒಗೆದು ಮುಗಿಸುವ ಆಸೆ.

ಅದು ಶ್ರಾವಣ ಮಾಸ. ಶ್ರಾವಣದಲ್ಲಿ ನಮ್ಮ ಅತ್ತೆಯವರು ಸ್ನಾನ ಮಾಡಿದ ಗಳಿಗೆಯಿಂದ ಲಿಂಗಪೂಜೆ ಮುಗಿಯುವವರೆಗೆ ಮೌನ ಹಿಡಿಯುತ್ತಾರೆ. ಆಗ ಯಾರು ಕರೆದರೂ ಓಗೊಡುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಪೂಜೆ ಯಾವಾಗಲೂ ಕೆಳಗೆ, ಅಡುಗೆಮನೆಗೆ ಹತ್ತಿದ ದೇವರ ಖೋಲಿಯಲ್ಲಿ. ಅದು ಮುಗಿದ ಕೂಡಲೇ ಮಠಕ್ಕೆ ಪ್ರವಚನ ಕೇಳಲು ಹೋಗುತ್ತಾರೆ. ನಾನು ಮದುವೆಯಾಗಿ ಬಂದಾಗಿನಿಂದ ಈ ಕ್ರಮ ತಪ್ಪಿದ್ದನ್ನು ನೋಡಿಲ್ಲ. ನೋಡಿಲ್ಲವೆಂಬ ಕಾರಣಕ್ಕೇ ಆ ದಿನ ಹಾಗಾಯಿತು.

ನಮ್ಮದು ಹಳೆಯ ಮನೆ. ನಡುಮನೆಯ ಮೂಲೆಯಿಂದ ಸಾಗವಾನಿ ಕಟ್ಟಿಗೆಯ ಮೆಟ್ಟಿಲು ಕಡಿದಾಗಿ ಮೇಲೇರುತ್ತದೆ. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಕಟಕಟೆ. ಮೇಲೆ ಒಂದೇ ಖೋಲಿ, ಅತ್ತೆಯವರು ಮಲಗುವುದು ಅಲ್ಲಿ. ಅವರ ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ, ಇನ್ನೊಂದು ಕಣ್ಣು ಬಾಕಿ ಇದೆ. ಕೆಳಗೆ ಮಲಗಿರಿ ಎಂದರೆ ಗಾಳಿ ಬರುವುದಿಲ್ಲ ಎನ್ನುತ್ತಾರೆ. ಮೇಲಿನ ಬಾಗಿಲು ಗಿಡ್ಡ. ತಲೆ ಬಾಗಿಸಿ ಹೊರಗೆ ಬಂದು, ಕಣ್ಣಿನ ಗೊಡವೆಯೇ ಇಲ್ಲದೆ ಎಡಗೈ ಚಾಚಿ ಕಟಕಟೆಯ ಮೇಲ್ತುದಿಯ ದಪ್ಪ ಕಂಬ ಹಿಡಿದು, ಅದರ ಆಧಾರದ ಮೇಲೆ ಇಳಿಯುತ್ತಾರೆ. ಎಷ್ಟೋ ವರ್ಷ ಆ ಒಂದೇ ಜಾಗ ಹಿಡಿದು ಕಂಬದ ತಲೆ ಅಲ್ಲಷ್ಟೇ ಗಾಜಿನಂತೆ ನುಣುಪಾಗಿತ್ತು. ಇತ್ತೀಚೆಗೆ ಕಂಬ ಅಲುಗಾಡಲು ಹತ್ತಿತ್ತು. ಅವರು ಬಿದ್ದಾರೆಂಬ ಹೆದರಿಕೆಗೇ ನಾನು ಮನೆಯವರ ಬೆನ್ನು ಬಿದ್ದು ಬಡಿಗೇರರನ್ನು ಗೊತ್ತುಮಾಡಿಸಿದ್ದು.

ಅವರು ನೇಸರಗಿಯವರು, ಐವತ್ತು ದಾಟಿದ ಭಾರಿ ಆಳು. ಮೊದಲು ಬಂದಾಗ ಅಲ್ಲಲ್ಲಿ ತಟ್ಟಿ ನೋಡಿ, ಕಂಬ ಬಿಗಿ ಮಾಡಿ, ಹಳೆಯ ಎಣ್ಣೆಬಣ್ಣ ಕೆರೆದು ಪಾಲಿಶ್ ಹಚ್ಚಿದರೆ ಸಾಕು, ಮೆಟ್ಟಿಲು ಗಟ್ಟಿ ಇವೆ ಎಂದಿದ್ದರು. ನಾವೂ ನಂಬಿದ್ದೆವು. ಕೆಲಸ ಕಟಕಟೆಯದಷ್ಟೇ ಎಂದು ಅತ್ತೆಯವರಿಗೂ ಗೊತ್ತಿತ್ತು.

ನಾನು ಅರಿವೆ ಹಿಂಡುತ್ತಿದ್ದಾಗ ಬಡಿಗೇರರು ಬಂದು ಕೆಲಸ ಶುರುಮಾಡಿದ್ದು ಸದ್ದಿನಿಂದಲೇ ತಿಳಿಯಿತು. ಕೈ ಒರೆಸಿಕೊಂಡು ಚಹಾ ಇಟ್ಟು ಹೊರಬರುವಾಗ ದೇವರ ಖೋಲಿಯ ಕಡೆ ಕಣ್ಣು ಹಾಯಿಸಿದೆ. ದೀಪ ಉರಿಯುತ್ತಿತ್ತು, ಅತ್ತೆ ಇರಲಿಲ್ಲ. ಇವತ್ತು ಬೇಗನೆ ಮಠಕ್ಕೆ ಹೋದರು ಅಂದುಕೊಂಡೆ.

ಬಡಿಗೇರರು ಮೇಲ್ತುದಿಯ ಕಂಬವನ್ನು ಎರಡೂ ಕೈಯಿಂದ ಹಿಡಿದು ಎಳೆದಾಗ ಅದು ಅಲುಗುವ ಹಲ್ಲು ಕಿತ್ತಂತೆ ಸಲೀಸಾಗಿ ಬಂತಂತೆ. ಅದರ ಬುಡಕ್ಕೆ ಅಂಟಿಕೊಂಡು ಒಂದು ಹಿಡಿ ಪುಡಿಯೂ ಬಂತು. ಮೆಟ್ಟಿಲ ಹಲಗೆಗಳನ್ನು ಎರಡು ಬದಿಯಿಂದ ಹೊತ್ತು ನಿಂತ ಓರೆ ತೊಲೆಗಳಿವೆಯಲ್ಲ, ಅವುಗಳಲ್ಲಿ ಗೋಡೆಯ ಕಡೆಯದಕ್ಕೆ ಅವರು ಉಳಿ ಒತ್ತಿ ತೋರಿಸಿದರು. ಕೊಡತಿಯಿಂದ ಬಡಿಯಲೇ ಇಲ್ಲ, ಬರಿಗೈಯಿಂದ ಒತ್ತಿದರು. ಉಳಿ ಹಿಡಿಕೆಯವರೆಗೆ ಒಳಗೆ ಹೋಯಿತು. ಹೊರಗೆ ಬಣ್ಣದ ಪದರ ಮಾತ್ರ ಇತ್ತು, ಒಳಗಿನದೆಲ್ಲ ಗೆದ್ದಲು ತಿಂದಿತ್ತು.

"ಇದು ಕಟಗಿ ಅಲ್ರಿ ಅಕ್ಕಾರ, ಹಿಟ್ಟ. ಇಷ್ಟ ದಿನಾ ಬಣ್ಣದ ಮ್ಯಾಲೆ ಹತ್ತಿ ಇಳದೀರಿ," ಎಂದರು. ಅವರ ಮುಖವೂ ಇಳಿದಿತ್ತು. ತಾವು ತಟ್ಟಿ ನೋಡಿ ಗಟ್ಟಿ ಎಂದ ಮಾತು ನೆನಪಾಗಿರಬೇಕು.

ಈಗಲೇ ಪೂರ್ತಿ ಬಿಚ್ಚಬೇಕು, ಕಂಬ ಕಿತ್ತ ಮೇಲೆ ತೊಲೆಗೆ ಆಧಾರವೇ ಉಳಿದಿಲ್ಲ, ತಾನಾಗಿ ಬಿದ್ದರೆ ಯಾರ ಮೇಲೆ ಬೀಳುತ್ತದೋ ಹೇಳಲಾಗದು ಎಂದರು. ಆಮೇಲೆ ಕೇಳಬೇಕಾದ್ದನ್ನು ಕೇಳಿದರು.

"ಮ್ಯಾಲೆ ಯಾರರ ಅದಾರೇನ್ರಿ? ಇದ್ರ ಈಗ ಕೆಳಗ ಕರೀರಿ. ಸಂಜೀತನಾ ಹತ್ತಾಕ ಇಳ್ಯಾಕ ಬರೂದಿಲ್ಲ."

ನಾನು ಮೆಟ್ಟಿಲ ಬುಡದಲ್ಲಿ ನಿಂತು ಅತ್ತಿ, ಅತ್ತಿ ಎಂದು ಕರೆದೆ. ಉತ್ತರ ಬರಲಿಲ್ಲ. ಮಠಕ್ಕೆ ಹೋಗಿದ್ದಾರೆ, ಯಾರೂ ಇಲ್ಲ ಎಂದೆ. ಮೇಲಿನ ಬಾಗಿಲು ಮುಚ್ಚಿದ್ದನ್ನು ಅವರೂ ನೋಡಿದ್ದರು, ಹಳೆಯ ಸಾಮಾನು ಇಡುವ ಖೋಲಿ ಇರಬೇಕು ಅಂದುಕೊಂಡಿದ್ದರಂತೆ. ಮೇಲಿನ ಹಲಗೆಯಿಂದ ಶುರುಮಾಡಿ, ಕೆಳಗಿನದರ ಮೇಲೆ ಕುಳಿತು ಒಂದೊಂದನ್ನೇ ಎಬ್ಬಿಸಿ ನನ್ನ ಕೈಗೆ ಕೊಡುತ್ತ ಇಳಿದು ಬಂದರು. ನಾನು ಅವನ್ನು ಹೊತ್ತು ಅಂಗಳದಲ್ಲಿ ಗೋಡೆಗೆ ಒರಗಿಸಿದೆ. ಕೊನೆಗೆ ಹಗ್ಗ ಕಟ್ಟಿ ತೊಲೆಗಳನ್ನು ಇಳಿಸುವಾಗ ಗೋಡೆಯ ಕಡೆಯದು ನಡುವೆಯೇ ಮುರಿದು ಕಂದು ಪುಡಿ ನಡುಮನೆಯ ತುಂಬ ಹಾರಿತು. ಮೇಲೆ ಬಾಗಿಲ ಮುಂದೆ ಉಳಿದದ್ದು ಕೂಡುವ ಮಣೆಯಷ್ಟು ಅಗಲದ ಒಂದು ಹಲಗೆ.

ಪುಡಿ ದೀಪಕ್ಕೆ ಬಿದ್ದೀತೆಂದು ದೇವರ ಖೋಲಿಯ ಬಾಗಿಲು ಮುಚ್ಚಲು ಹೋದೆ. ದೀಪಕ್ಕೆ ಎಣ್ಣೆ ಹಾಕಲು ಬಗ್ಗಿದಾಗ ಕಂಡಿತು. ಅತ್ತೆಯವರ ಪೂಜೆಯ ಹರಿವಾಣ ಇರಲಿಲ್ಲ. ವಿಭೂತಿಯ ಕರಡಿಗೆ ಇರಲಿಲ್ಲ. ನೀರಿನ ತಂಬಿಗೆ, ಕೂಡುವ ಮಣೆ, ಯಾವುದೂ ಇರಲಿಲ್ಲ.

ಮಠಕ್ಕೆ ಯಾರೂ ಮಣೆ ಒಯ್ಯುವುದಿಲ್ಲ.

ನಡುಮನೆಗೆ ಬಂದು ತಲೆ ಎತ್ತಿದೆ. ಕಟ್ಟಿಗೆಯ ಪುಡಿಯ ವಾಸನೆಯ ಒಳಗೆ ತೆಳ್ಳಗೆ ಊದಿನಕಡ್ಡಿಯ ವಾಸನೆ ಮೇಲಿನಿಂದ ಬರುತ್ತಿತ್ತು. ಬಡಿಗೇರರು ಬಂದರೆ ಧೂಳು ಏಳುತ್ತದೆ, ಸಪ್ಪಳ ಆಗುತ್ತದೆ ಎಂದು, ನಾನು ಹಿತ್ತಲಲ್ಲಿದ್ದಾಗ ಅತ್ತೆ ಎಲ್ಲ ಹೊತ್ತುಕೊಂಡು ಮೇಲೆ ಹೋಗಿದ್ದರು. ಮೌನದಲ್ಲಿದ್ದವರು ನನಗೆ ಹೇಳುವುದಾದರೂ ಹೇಗೆ. ನಾನು ಕರೆದದ್ದು ಕೇಳಿಸಿಯೇ ಇರುತ್ತದೆ. ಶ್ರಾವಣದಲ್ಲಿ ಕರೆದ ನನ್ನದೇ ತಪ್ಪು ಅಂದುಕೊಂಡಿರುತ್ತಾರೆ.

ಬಡಿಗೇರರಿಗೆ ಮೇಲಿನ ಬಾಗಿಲನ್ನು ಕೈಮಾಡಿ ತೋರಿಸಿದೆ. ಅವರು ನನ್ನ ಮುಖ ನೋಡಿದರು, ಬಾಗಿಲು ನೋಡಿದರು, ಕೈಯಲ್ಲಿದ್ದ ಕೊಡತಿಯನ್ನು ಸದ್ದಾಗದಂತೆ ನೆಲಕ್ಕಿಟ್ಟರು.

"ಕೂಗಿ ಹೇಳ್ರಿ ಅಕ್ಕಾರ, ಹೊರಗ ಬರಬ್ಯಾಡ್ರಿ ಅಂತ," ಎಂದು ಪಿಸುಗುಟ್ಟಿದರು.

ನಾನೂ ಬಾಯಿ ತೆಗೆದಿದ್ದೆ. ತೆಗೆದು ಮುಚ್ಚಿದೆ. ಮುಚ್ಚಿದ ಬಾಗಿಲಿನಾಚೆ ಅವರಿಗೆ ನನ್ನ ದನಿ ಕೇಳಿಸುತ್ತದೆ, ಮಾತು ಬಿಡಿಬಿಡಿಯಾಗಿ ಕೇಳಿಸುವುದಿಲ್ಲ. ನಿತ್ಯ ಕರೆಯುವ ದನಿ ಬೇರೆ, ಹೆದರಿದ ದನಿ ಬೇರೆ. ಆ ಹೊತ್ತಿನಲ್ಲಿ ಹೆದರಿಕೆ ಇಲ್ಲದ ದನಿ ನನ್ನ ಹತ್ತಿರ ಇರಲಿಲ್ಲ. ಮನೆಯಲ್ಲಿ ಏನೋ ಆಯಿತು ಎಂದು ಅವರು ದಡಬಡಿಸಿ ಎದ್ದರೆ ನೆಟ್ಟಗೆ ಬಾಗಿಲಿಗೇ ಬರುತ್ತಾರೆ. ಇನ್ನೊಂದು ಮಾತೂ ಇತ್ತು. ಪೂಜೆಯ ಹೊತ್ತಿಗೆ ಲಿಂಗ ಅವರ ಎಡ ಅಂಗೈಯಲ್ಲಿರುತ್ತದೆ. ಬೆಚ್ಚಿಬಿದ್ದು ಅದು ಅಂಗೈಯಿಂದ ಜಾರಿದರೆ, ತಾವು ಮೇಲಿನಿಂದ ಬಿದ್ದದ್ದಕ್ಕಿಂತ ಅವರಿಗೆ ಅದೇ ದೊಡ್ಡದು. ಅದಾದ ಮೇಲೆ ಅವರು ಅನ್ನ ಮುಟ್ಟಲಾರರು.

ಕೂಗುವುದು ಬೇಡ ಎಂದು ಕೈಸನ್ನೆ ಮಾಡಿದೆ. ಬಡಿಗೇರರು ಎದುರು ಮನೆಯ ನಿಚ್ಚಣಿಕೆ ತರಲು ಬರಿಗಾಲಲ್ಲಿ ಓಡಿದರು. ಅವರು ಬರುವವರೆಗೆ ನಾನು ನಾವು ಮಲಗುವ ಖೋಲಿಯೊಳಗಿನ ಗಾದಿ, ಕೌದಿಗಳನ್ನೆಲ್ಲ ಎಳೆದು ತಂದು ಬಾಗಿಲ ನೇರಕ್ಕೆ ಕೆಳಗೆ ಒಟ್ಟಿದೆ. ಒಟ್ಟಿ, ಅದರ ಪಕ್ಕ ಎರಡೂ ಕೈ ಮೇಲೆತ್ತಿ ನಿಂತೆ. ಬೀಳುವ ಒಬ್ಬರನ್ನು ಈ ಕೈಗಳು ಹಿಡಿಯುತ್ತವೆಯೇ ಎಂದು ಯೋಚಿಸುವ ಬುದ್ಧಿ ಇರಲಿಲ್ಲ. ಕೈ ಕೆಳಗಿಳಿಸಲು ಧೈರ್ಯವಾಗಲಿಲ್ಲ, ಅಷ್ಟೇ.

ಎದುರು ಮನೆಯದು ಬಿದಿರಿನ ನಿಚ್ಚಣಿಕೆ, ಮೆಟ್ಟಿಲುಗಳಿಗೆ ಹಗ್ಗದ ಕಟ್ಟು. ಅದನ್ನು ಮೇಲಿನ ಹಲಗೆಗೆ ಆನಿಸಿ ಬಡಿಗೇರರು ತಾವೇ ಹತ್ತಲು ಕಾಲಿಟ್ಟರು. ಅವರ ಭಾರಕ್ಕೆ ಮೊದಲ ಮೆಟ್ಟಿಲೇ ಬಾಗಿತು. ಅದಕ್ಕಿಂತ ಹೆಚ್ಚಾಗಿ ನನಗೆ ಬೇರೆಯೇ ಕಂಡಿತು. ಅತ್ತೆ ಬಾಗಿಲು ತೆಗೆದಾಗ ಮಂಜುಗಣ್ಣಿಗೆ ಒಬ್ಬ ಗಂಡಸಿನ ತಲೆ ಕಾಲ ಬುಡದಲ್ಲಿ ಕಂಡರೆ ಏನಾದೀತು. ನಾನು ಬಡಿಗೇರರ ತೋಳು ಹಿಡಿದು ಹಿಂದೆ ಸರಿಸಿದೆ. ಪರ ಗಂಡಸಿನ ತೋಳು ಹಾಗೆ ಹಿಡಿದದ್ದು ಆಮೇಲೆ ನೆನಪಾಗಿ ನಾಚಿಕೆಯಾಯಿತು.

"ಮ್ಯಾಲಿನ ಹಲಿಗಿ ತಡೀತೈತೇನ್ರಿ?" ಎಂದು ಕೇಳಿದೆ.

"ಅದು ಮನಿ ತೊಲಿ ಮ್ಯಾಲೆ ಕುಂತೈತ್ರಿ, ಗಟ್ಟಿ ಐತಿ." ಮತ್ತೊಮ್ಮೆ ಮೇಲೆ ನೋಡಿ ಸೇರಿಸಿದರು, "ಐತಿ ಅನಸ್ತೈತಿ."

ನಾನು ಜೀವಮಾನದಲ್ಲಿ ನಿಚ್ಚಣಿಕೆ ಹತ್ತಿದವಳಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿಯುವಾಗ ಅಗಲವಾದ ಕಲ್ಲಿನ ಮೆಟ್ಟಿಲನ್ನು ಕೂಡ ಎಡಗಡೆ ಕಟಕಟೆ ಹಿಡಿದು ಸಾಲಾಗಿ ಇಳಿಸುತ್ತಿದ್ದರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿದೆ. ಶ್ರಾವಣಕ್ಕೆಂದು ತೊಟ್ಟ ಹೊಸ ಹಸಿರು ಬಳೆ ಸದ್ದು ಮಾಡುತ್ತಿದ್ದವು, ಮೊಣಕೈವರೆಗೆ ದೂಡಿ ಬಿಗಿ ಮಾಡಿಕೊಂಡೆ. ಹತ್ತುವಾಗ ಬಿದಿರು ಒಂದೊಂದು ಹೆಜ್ಜೆಗೂ ಗೋಡೆಗೆ ಸಣ್ಣಗೆ ತಾಗುತ್ತಿತ್ತು. ಕಣ್ಣ ಮುಂದೆ ಗೋಡೆಯಲ್ಲಿ ಹಳೆಯ ಮೆಟ್ಟಿಲಿನ ಗುರುತು ಹಲ್ಲಿನ ಸಾಲಿನಂತೆ ಮೇಲೆ ಹೋಗಿತ್ತು, ಅದರ ಅಂಚಿಗೆ ಗೆದ್ದಲಿನ ಮಣ್ಣಿನ ಗೆರೆ. ಕೆಳಗೆ ನೋಡಬಾರದು ಎಂದುಕೊಂಡು ಆ ಗೆರೆಯನ್ನೇ ನೋಡುತ್ತ ಹತ್ತಿದೆ. ಮೇಲ್ತುದಿಯಲ್ಲಿ ಹಿಡಿಯಲು ಏನೂ ಇರಲಿಲ್ಲ. ಹೊಸ್ತಿಲನ್ನು ಬೆರಳ ತುದಿಯಿಂದ ಹಿಡಿದು, ಹಲಗೆಯ ಮೇಲೆ ಮೊದಲು ಹೊಟ್ಟೆ, ಆಮೇಲೆ ಮೊಣಕಾಲು ತಂದೆ.

ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು. ಅದಕ್ಕೆ ಮುಖ ಮಾಡಿ, ಬಯಲಿಗೆ ಬೆನ್ನು ಕೊಟ್ಟು, ಹೊಸ್ತಿಲಿಗೆ ಅಡ್ಡವಾಗಿ ಕುಳಿತೆ. ಅವರು ಬಂದರೆ ಮೊದಲು ನನಗೆ ತಾಗಬೇಕು, ಅದೊಂದೇ ಉಪಾಯ. ನನ್ನ ಬೆನ್ನ ಹಿಂದೆ ಒಂದು ಗೇಣು ಹಲಗೆ, ಅದರಾಚೆ ಏನೂ ಇಲ್ಲ. ಬೆನ್ನಿಗೆ ತಣ್ಣಗೆ ಗಾಳಿ ತಾಗುತ್ತಿತ್ತು. ಮೊದಲು ಅಲ್ಲಿ ಕಟಕಟೆ ಇದ್ದಾಗ ಗಾಳಿ ಬರುತ್ತಿತ್ತೋ ಇಲ್ಲವೋ ಎಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಒಳಗೆ ಸಣ್ಣ ಸದ್ದು. ತಂಬಿಗೆ ನೆಲಕ್ಕೆ ತಾಗಿದ್ದು. ಆಮೇಲೆ ಏನೂ ಇಲ್ಲ. ಶ್ರಾವಣದಲ್ಲಿ ಅವರ ಜಪ ಎಷ್ಟು ಹೊತ್ತು ನಡೆಯುತ್ತದೆ ಎಂದು ಹೇಳಲು ಬರುವುದಿಲ್ಲ.

ಹಲಗೆ ಒಮ್ಮೆ ಕಿರ್ ಎಂದಿತು. ನಾನು ಉಸಿರು ಹಿಡಿದೆ. ಕೆಳಗಿನಿಂದ ಬಡಿಗೇರರ ಉಸಿರೂ ಕೇಳುತ್ತಿರಲಿಲ್ಲ.

ಹೆದರಿಕೆಯಲ್ಲಿ ಶಿವನ ನಾಮ ಬರಬೇಕಿತ್ತು. ಇಷ್ಟು ವರ್ಷ ಈ ಮನೆಯಲ್ಲಿ ವಿಭೂತಿ ಹಚ್ಚಿ ಲಿಂಗ ಪೂಜೆ ಮಾಡಿದವಳು ನಾನು. ಆದರೆ ಆಗ ಮನಸ್ಸಿಗೆ ಬಂದದ್ದು ಸಾಲೆ ಬಿಡುವ ಮುಂಚೆ ಕಾನ್ವೆಂಟಿನ ಸಿಸ್ಟರ್ ಹೇಳಿಸುತ್ತಿದ್ದ ಇಂಗ್ಲಿಷ್ ಪ್ರಾರ್ಥನೆ. ನಡುವೆ ಸಾಲು ಮರೆತು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಬೆರಳುಗಳು ಹೊಸ್ತಿಲ ಕಟ್ಟಿಗೆಯನ್ನು ಹಿಡಿದು ಬೆಳ್ಳಗಾಗಿದ್ದವು. ಆ ಹೊಸ್ತಿಲಿಗೆ ನಾನೇ ಹಚ್ಚಿದ ಅರಿಸಿನ ಉಗುರಿನ ಸಂದಿಗೆ ಹತ್ತಿತ್ತು.

ಇದ್ದಕ್ಕಿದ್ದಂತೆ ಒಳಗೆ ಮಣೆ ಸರಿದ ಸದ್ದು. ಇಷ್ಟು ಬೇಗ ಏಳುತ್ತಾರೆಂದು ನಾನು ಎಣಿಸಿರಲಿಲ್ಲ. ಹೆಜ್ಜೆ. ಅಗಳಿ ತೆಗೆದರು. ಬಾಗಿಲು ಒಳಕ್ಕೆ ತೆರೆಯಿತು. ತಲೆ ಬಾಗಿಸಿದರು. ಬಲಗೈಯಲ್ಲಿ ಹರಿವಾಣ. ಎಡಗೈ ನಿತ್ಯದಂತೆ ನನ್ನ ತಲೆಯ ಮೇಲಿನಿಂದ, ಕಂಬ ಇದ್ದ ಜಾಗಕ್ಕೆ ಹೋಯಿತು. ಅಲ್ಲಿ ಗಾಳಿಯಲ್ಲಿ ಒಮ್ಮೆ ಮುಚ್ಚಿ ತೆರೆಯಿತು.

ನಾನು ಅವರ ಎರಡೂ ಪಾದ ಹಿಡಿದುಕೊಂಡೆ.

"ನಮಸ್ಕಾರ ಆಮ್ಯಾಲೆ ಮಾಡವಂತಿ ಯವ್ವಾ, ಮೊದಲ ಪಾದ ಬಿಡು," ಎಂದರು. ಆ ದಿನ ಅವರು ಆಡಿದ ಮೊದಲ ಮಾತು ಅದು.

"ಅತ್ತಿ, ಒಳಗ ಸರೀರಿ. ಪಾವಟಿಗಿ ಇಲ್ಲ."

"ಇಲ್ಲ ಅಂದ್ರ?"

"ತಗದಾರ್ರಿ. ಒಂದೂ ಇಲ್ಲ."

ಅವರು ನನ್ನ ಹೆಗಲ ಮೇಲಿನಿಂದ ಒಳ್ಳೆಯ ಕಣ್ಣು ಬಯಲಿನ ಕಡೆ ಬರುವಂತೆ ಮುಖ ತಿರುಗಿಸಿ ನೋಡಿದರು. ಹರಿವಾಣವನ್ನು ಎರಡೂ ಕೈಯಿಂದ ಹಿಡಿದರು. ನಿಧಾನವಾಗಿ ಎರಡು ಹೆಜ್ಜೆ ಹಿಂದೆ ಸರಿದು, ಖೋಲಿಯ ನಡುವೆ ನೆಲಕ್ಕೆ ಕುಳಿತರು. ನಾನು ತೆವಳಿ ಒಳಗೆ ಹೋಗಿ ಬಾಗಿಲು ಮುಚ್ಚಿ ಅಗಳಿ ಹಾಕಿದೆ. ಆಮೇಲೆ ಆ ಬಾಗಿಲಿಗೇ ಒರಗಿ ಕುಳಿತೆ.

ಸ್ವಲ್ಪ ಹೊತ್ತಿಗೆ ಅತ್ತೆ ನನ್ನನ್ನು ಸರಿಸಿ, ಬಾಗಿಲು ಒಂದಿಷ್ಟು ತೆಗೆಸಿ, ಹೊಸ್ತಿಲ ಒಳಗೇ ಕುಳಿತು ಕೆಳಗೆ ಕೂಗಿದರು. "ಏನಪಾ ಬಡಿಗ್ಯಾ, ಕಟಕಟಿ ಅಷ್ಟ ಹೇಳಿದ್ವಿ. ನೀ ಮನೀನ ಕಳಚಾಕ ಬಂದೀಯೇನು?"

"ತಪ್ಪಾತ್ರೀ ಯವ್ವಾ," ಎಂದು ಕೆಳಗಿನಿಂದ ದನಿ ಬಂತು. ಆಮೇಲೆ ತಿಳಿಯಿತು, ಅವರು ಅಷ್ಟೂ ಹೊತ್ತು ನಿಚ್ಚಣಿಕೆಯ ಬುಡವನ್ನು ಎದೆಗೆ ಅವಚಿಕೊಂಡು ನಿಂತಿದ್ದರಂತೆ. ಬಿದಿರಿನ ಗಂಟು ಒತ್ತಿ ಅಂಗಿಯ ಒಳಗೆ ಚರ್ಮ ಕಂದಿತ್ತು.

ಇಳಿಯುವ ಮಾತು ಬಂದಾಗ ನನ್ನ ಧೈರ್ಯ ಮುಗಿದಿತ್ತು. ಹತ್ತಿ ಬಂದ ನಿಚ್ಚಣಿಕೆಗೇ ಮೇಲಿನಿಂದ ಕಾಲಿಡಲು ಹೋಗಿ ಎರಡು ಸಲ ಹಿಂದೆ ತೆಗೆದೆ. ಅತ್ತೆಯವರ ಮೊಣಕಾಲಿಗಂತೂ ಅದು ಆಗುವ ಕೆಲಸವೇ ಅಲ್ಲ. ಹೀಗೆ ಇಬ್ಬರೂ ಮೇಲೆ ಉಳಿದೆವು. ಮಧ್ಯಾಹ್ನ ಎದುರು ಮನೆಯವರು ರೊಟ್ಟಿ, ಬದನೆಕಾಯಿ ಪಲ್ಯವನ್ನು ಬುಟ್ಟಿಯಲ್ಲಿಟ್ಟು ಕೊಟ್ಟರು, ನಾನು ಹಗ್ಗದಿಂದ ಎಳೆದುಕೊಂಡೆ. ಅತ್ತೆ ಉಂಡು ಮಲಗಿ ನಿದ್ದೆಯನ್ನೂ ಮಾಡಿದರು. ಅವರು ನಿದ್ದೆಗಣ್ಣಲ್ಲಿ ಎದ್ದು ಬಾಗಿಲಿಗೆ ಹೋದಾರೆಂದು ಅವರ ಸೆರಗಿನ ತುದಿಯನ್ನು ನನ್ನ ಮುಂಗೈಗೆ ಸುತ್ತಿಕೊಂಡು ಕುಳಿತಿದ್ದೆ.

ಕೆಳಗೆ ಕೆಲಸ ನಡೆದಿತ್ತು. ಬಡಿಗೇರರು ಕಟ್ಟಿಗೆ ಅಡ್ಡೆಗೆ ಹೋಗಿ ಬಂದು, ಅಷ್ಟು ಉದ್ದದ ಸಾಗವಾನಿ ಸಿಗಲಿಲ್ಲ, ಮತ್ತಿ ಮರದ ತೊಲೆ ಸಿಕ್ಕಿದೆ, ಆದರೆ ಕರೆಂಟ್ ಹೋಗಿದೆ, ಕೊಯ್ದು ಕೊಡುವವರು ಕೈ ಕಟ್ಟಿ ಕುಳಿತಿದ್ದಾರೆ ಎಂದರು. ಕರೆಂಟ್ ಯಾವಾಗ ಬರುತ್ತದೆ ಎಂದು ನಾನು ಮೇಲಿನಿಂದ ಕೇಳುತ್ತಲೇ ಇದ್ದೆ. ಕತ್ತಲಾದರೆ ಹೇಗೆ ಎಂಬುದೊಂದೇ ತಲೆಯಲ್ಲಿ. ಕೊನೆಗೆ ಅವರು ಕಾಯುವುದು ಬಿಟ್ಟು, ಅಡ್ಡೆಯ ಇನ್ನೊಬ್ಬರನ್ನು ಜೊತೆಗೆ ಹಿಡಿದು ಕೈಗರಗಸದಿಂದಲೇ ಕೊಯ್ದು ತಂದರು. ಆಮೇಲೆ ಹಳೆಯ ತೊಲೆಯ ಮುರಿದ ತುಂಡುಗಳನ್ನು ಹೊಸದರ ಪಕ್ಕ ಜೋಡಿಸಿ, ಹಲಗೆ ಕೂಡುವ ಒಂದೊಂದು ಕಚ್ಚಿನ ಗುರುತು ಹಾಕಿ ಕಡಿದರು. ಹೊಸ ತೊಲೆಗೆ ಗೋಡೆಯ ಕಡೆ ಡಾಂಬರು ಬಳಿದರು. ಹಳೆಯ ಹಲಗೆಗಳಲ್ಲಿ ಉಳಿ ಇಳಿಯದೆ ಇದ್ದವನ್ನು ಮಾತ್ರ ಆರಿಸಿ ಕೂಡಿಸಿ, ಸಂದಿಗೆ ಕಟ್ಟಿಗೆಯ ಬೆಣೆ ಬಡಿದರು. ಪ್ರತಿ ಬೆಣೆಯ ಸದ್ದಿಗೂ ಖೋಲಿಯ ನೆಲ ನನ್ನ ಅಂಗಾಲಿಗೆ ಅದುರುತ್ತಿತ್ತು. ಪಾಲಿಶ್ ಮಾತು ಯಾರೂ ಎತ್ತಲಿಲ್ಲ.

ಎಲ್ಲ ಆದ ಮೇಲೂ ಅವರು ಇಳಿಯಿರಿ ಅನ್ನಲಿಲ್ಲ. ನಮ್ಮ ಅಡುಗೆಮನೆಯಲ್ಲಿದ್ದ ಜೋಳದ ಚೀಲವನ್ನು ಬೆನ್ನಿಗೆ ಹೊತ್ತು, ಒಂದೊಂದು ಮೆಟ್ಟಿಲ ಮೇಲೂ ನಿಂತು, ಮೈ ಅಲುಗಿಸಿ, ಕಿವಿಗೊಟ್ಟು ಕೇಳಿ, ಬಾಗಿಲವರೆಗೆ ಹತ್ತಿ ಬಂದರು. ಚೀಲದ ಕೆಳಗಿಂದ ಅವರ ಮುಖ ಬೆವರಿ ಕೆಂಪಾಗಿತ್ತು.

"ಈಗ ಬರ್ರಿ ಯವ್ವಾ," ಎಂದರು.

ಕಟಕಟೆ ಇನ್ನೂ ಕೂಡಿಸಿರಲಿಲ್ಲ, ಅದರ ಜಾಗಕ್ಕೆ ದಪ್ಪ ಹಗ್ಗ ಬಿಗಿದಿದ್ದರು. ಅವರು ಚೀಲ ಕೆಳಗಿಟ್ಟು ಬಂದು, ಅತ್ತೆಗೆ ಮುಖ ಮಾಡಿ ಹಿಮ್ಮುಖವಾಗಿ ಒಂದು ಮೆಟ್ಟಿಲು ಮುಂಚೆ ಇಳಿಯುತ್ತ ಹೋದರು. ಹಿಂದೆ ನಾನು ಅತ್ತೆಯ ಸೊಂಟದ ಸೀರೆಯನ್ನು ಎರಡೂ ಕೈಯಿಂದ ಹಿಡಿದಿದ್ದೆ. ಇಷ್ಟು ಜಗ್ಗಿ ಹಿಡಿದರೆ ಬೀಳುವುದು ಸೀರೆಯೇ, ನಾನಲ್ಲ ಎಂದು ಅವರು ಗೊಣಗಿದರು. ನಗುವ ಸ್ಥಿತಿ ನನ್ನದಾಗಿರಲಿಲ್ಲ. ಅವರ ಪಾದ ನೆಲ ಮುಟ್ಟಿದ ಮೇಲೆ ನಾನು ಕೊನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಅತ್ತೆ ಮುಖ ತೊಳೆದು, ತಲೆ ಬಾಚಿಸಿಕೊಂಡು, ಏನೂ ಆಗದವರಂತೆ ಎದುರು ಮನೆಯ ಕಟ್ಟೆಗೆ ಹೋಗಿ ಕುಳಿತರು. ಮಠ ತಪ್ಪಿದ್ದನ್ನು ಯಾರ ಮುಂದಾದರೂ ಹೇಳಿಕೊಳ್ಳಬೇಕಲ್ಲ. ಬೆಳಗಿನದರ ಬಗ್ಗೆ ನನಗೆ ಅವರು ಒಂದು ಮಾತೂ ಅನ್ನಲಿಲ್ಲ. ಬೈಯುತ್ತಾರೇನೋ ಎಂದು ಕಾದಿದ್ದೆ, ಬೈಯಲಿಲ್ಲ. ಮನಸ್ಸಿನಲ್ಲಿ ಸಿಟ್ಟಿದೆಯೋ ಎಂದು ಅದೂ ಒಂದು ಹೆದರಿಕೆ. ಲಿಂಗ ಜಾರಲಿಲ್ಲ, ಪೂಜೆ ಕೆಡಲಿಲ್ಲ, ಅಷ್ಟಾದರೂ ಉಳಿಸಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತ ನಡುಮನೆಯ ಪುಡಿ ಗುಡಿಸಿದೆ.

ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯವರು ನಿಚ್ಚಣಿಕೆ ಒಯ್ಯಲು ಬಂದರು. ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು. ಹೊರಗೆ ದಾಟಿಸುವಾಗ ಬಾಗಿಲಿಗೆ ತಾಗೀತೆಂದು ಅವರ ಗಮನವೆಲ್ಲ ಬಿದಿರಿನ ಮೇಲೇ ಇತ್ತು.

"ಸ್ವಲ್ಪ ಎಡಕ್ಕ ತಗೊಳ್ರಿ. ಹಾಂ, ಬರ್ರಿ," ಎಂದರು. "ನಿಮ್ಮತ್ತಿ ಹೇಳಾಕ ಹತ್ತಿದ್ರು, ಬಾಗಲದಾಚೆ ಯಾರೋ ಇಂಗ್ಲೀಷಿನ್ಯಾಗ ಅಳಾಕ ಹತ್ತಿದ್ರಂತ. ಅದಕ್ಕ ಜಪಾ ಅರ್ಧಕ್ಕ ಬಿಟ್ಟ ಎದ್ದೆ ಅಂದ್ರು. ಹೆಪ್ಪಿಗೆ ಒಂದೀಟು ಮಜ್ಜಿಗಿ ಇದ್ರ ಕೊಡ್ರಿ."